ಮೈದಾ ಗೋಂದಿನ ಚೀಟಿಗಳು

ಮೇಡಂ ಅವರಿಗೆ ನಮಸ್ಕಾರ.

ಪಿಷ್ಟ ಕರಗಿಸುವ ಕಿಣ್ವದ ಎರಡು ಶೀಶೆಗಳ ವಿಷಯ ಬರೆಯುತ್ತಿದ್ದೇನೆ. ಬ್ಯಾಕ್ಟೀರಿಯಾದ ಪುರಾತನ ಕಿಣ್ವವನ್ನು ಲ್ಯಾಬಿನಲ್ಲಿ ಮತ್ತೆ ತಯಾರಿಸಿದ ನಿಮ್ಮ ವಿದ್ಯಾರ್ಥಿನಿ ಅಕ್ಕ ಅದನ್ನು ‘ಅಜ್ಜಿ’ ಎನ್ನುತ್ತಾರೆ, ಈಗಿನದನ್ನು ‘ಮೊಮ್ಮಗಳು’. "ಅಜ್ಜಿಗೆ ಬಾಯಿ ಮಾತ್ರ ಕಣೆ, ಮೊಮ್ಮಗಳಿಗೆ ಪಿಷ್ಟ ಹಿಡ್ಕೊಳ್ಳೋಕೆ ಕೈನೂ ಬಂದಿದೆ" ಎಂದು ನನಗೆ ಹೇಳಿಕೊಟ್ಟವರು ಅವರೇ.

ನಿನ್ನೆ ಪರೀಕ್ಷೆಯಲ್ಲಿ ಅಜ್ಜಿಯ ಚೀಟಿ ಇದ್ದ ಶೀಶೆಯೇ ಪಿಷ್ಟ ಹಿಡಿದುಕೊಂಡಿತಂತೆ. ನೀವು ಎಲ್ಲರೆದುರು, "ನಿನ್ನ ಅಜ್ಜಿಗೆ ಕೈ ಎಲ್ಲಿಂದ ಬಂತಮ್ಮ? ಮೂರು ವರ್ಷ ಏನ್ ಮಾಡ್ದೆ?" ಎಂದು ಅವರನ್ನು ಕೇಳಿದಿರಿ. ಅವರ ಕೆಲಸ ನಿಲ್ಲಿಸುತ್ತೀರಂತೆ.

ತಪ್ಪು ನನ್ನದು. ಹೋದ ವಾರ ಅಂಟು ಮುಗಿದಿತ್ತು. ಮನೆಯಲ್ಲಿ ಮೈದಾ ಗೋಂದು ಕಾಯಿಸಿ ತಂದು ಶೀಶೆಗಳಿಗೆ ಚೀಟಿ ಅಂಟಿಸಿದೆ. ಮೈದಾದಲ್ಲೂ ಪಿಷ್ಟವೇ ಇರುವುದು ಎಂದು ಆಗ ಹೊಳೆಯಲಿಲ್ಲ. ಹೊರಗೆ ಸೋರಿದ ಕಿಣ್ವ ಗೋಂದನ್ನೇ ತಿಂದಿರಬೇಕು. ಮರುದಿನ ಎರಡೂ ಚೀಟಿ ಕೆಳಗೆ ಬಿದ್ದಿದ್ದವು. ಯಾವುದು ಯಾವುದೆಂದು ಕೇಳಲು ನಾಚಿಕೆಯಾಗಿ, ಅಂದಾಜಿನ ಮೇಲೆ ಮತ್ತೆ ಅಂಟಿಸಿದೆ.

ದಯವಿಟ್ಟು ಚೀಟಿ ನೋಡದೆ ಎರಡನ್ನೂ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಅಕ್ಕನಿಗೆ ಹೇಳಲು ಹೋದೆ, ಅವರ ಮುಖ ನೋಡಿ ತಿರುಗಿ ಬಂದು ಈ ಪತ್ರ ಬರೆಯಲು ಕುಳಿತೆ. ಇದನ್ನು ಓದಿದ ಮೇಲೆ ಮೊದಲು ಅವರನ್ನು ಕರೆಯಿರಿ. ನನ್ನನ್ನು ಆಮೇಲೆ ಕರೆದರೆ ಸಾಕು, ತೊಟ್ಟಿಯ ಹತ್ತಿರವೇ ಇರುತ್ತೇನೆ.

ಇಂತಿ,
ಶೀಶೆ ತೊಳೆಯುವವಳು