ಉಶ್ಕಿರ್ ಮುಖ ನೋಡಲು ಕಲಿತದ್ದು

ಸೆಪ್ಟೆಂಬರ್ ೧೪, ಶನಿವಾರ

ಬೆಳಿಗ್ಗೆ ಗಮನಿಸಿದ್ದು — ಉಶ್ಕಿರ್ ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ರೆಪ್ಪೆಯ ಸಂದಿಯಲ್ಲಿ ಹಾಲಿನ ಬಣ್ಣದ ಪೊರೆ. ಅದರಾಚೆ ಏನೋ ಸರಿದಾಡುತ್ತಿರುತ್ತದೆ, ಪರದೆಯ ಹಿಂದೆ ಯಾರೋ ನಡೆದ ಹಾಗೆ.

ಹತ್ತಕ್ಕೆ ಕ್ಲಾಸು. ಹಳೇ ಕುದುರೆ ರೇಸಿನ ಮೈದಾನ. ಗ್ರೇಹೌಂಡು, ತಾಜಿ — ಉದ್ದ ಕಾಲಿನ ಬೇಟೆನಾಯಿಗಳಿಗೆಂದೇ ನಡೆಸುತ್ತಾರೆ. ಹೋಗದೆ ಗತಿಯಿಲ್ಲ. ಪಾರ್ಕಿಂಗಿನಲ್ಲಿ ಉಶ್ಕಿರ್ ಬೆಕ್ಕನ್ನು ಅಟ್ಟಿದಳೆಂದು ಅಪಾರ್ಟ್‌ಮೆಂಟ್ ಸಮಿತಿಯವರ ಗಲಾಟೆ. ತರಬೇತಿಯ ಸರ್ಟಿಫಿಕೇಟ್ ತರಬೇಕು, ಇಲ್ಲವೇ ನಾಯಿಯನ್ನು ಕಳಿಸಿಬಿಡಬೇಕು.

"ಕೂತ್ಕೋ" ಅಂದೆ. ನನಗೇ ಕೇಳಿಸಲಿಲ್ಲ.

"ಏನಮ್ಮಾ, ಕವನ ಓದ್ತಿದ್ದೀಯಾ?" ಟ್ರೇನರ್ ಲಾರಿಸಾ ಪಾಕ್ ಕೂಗಿದರು. "ನಾಯಿಗೆ ಹೇಳು, ನಾಯಿಗೆ!"

ಉಶ್ಕಿರ್ ಕೂರಲಿಲ್ಲ. ನೆಲ ತಣ್ಣಗಿತ್ತು. ಪಕ್ಕದಲ್ಲಿ ದಂತವೈದ್ಯ ದಮೀರ್ ಅವರ ಗ್ರೇಹೌಂಡ್, ಹೆಸರು ಲಾರ್ಡ್, ಉಣ್ಣೆಯ ಕೋಟು ತೊಟ್ಟವನು. ಅವನೂ ಕೂರಲಿಲ್ಲ. "ನಮ್ಮೋನು ಸೋಫಾ ಇಲ್ದೆ ಕೂರಲ್ಲ ಮೇಡಂ" ಎಂದರು ದಮೀರ್. ಎಲ್ಲರೂ ನಕ್ಕರು. ನಾನೂ — ಶಾಲಿನೊಳಗೆ.

ಸೆಪ್ಟೆಂಬರ್ ೧೫

ಅಮ್ಮ ಮತ್ತೆ ಶುರು ಮಾಡಿದಳು. "ಹೋಗಿ ಹೋಗಿ ನಾಯಿ ಕೇಳಿದ್ಯಲ್ಲೇ. ಕುದುರೆ ಕೇಳಿದ್ರೂ ಕೊಡ್ತಿದ್ದ ನಿನ್ನ ಮಾಮ."

ಕೊಡಲೇಬೇಕಿತ್ತು. ನಮ್ಮ ಪದ್ಧತಿಯಲ್ಲಿ ಅಕ್ಕನ ಮಗಳು ಬಾಯಿಬಿಟ್ಟು ಕೇಳಿದರೆ ಸೋದರಮಾವ ಇಲ್ಲ ಎನ್ನುವಂತಿಲ್ಲ. ನಾನು ಯಾರ ಹತ್ತಿರವೂ ಏನೂ ಕೇಳಿದವಳಲ್ಲ. ಡಿಗ್ರಿ ಮುಗಿಸಿ ಮಾಮನ ಊರು ಕೆಗೆನ್‌ಗೆ ಹೋದಾಗ, ಚಹಾ ಕುಡಿಯುತ್ತಿದ್ದವರೆಲ್ಲರ ಎದುರು, ಹೇಗೋ ಬಾಯಿಂದ ಬಂದುಬಿಟ್ಟಿತು: "ಉಶ್ಕಿರ್ ಬೇಕು." ಸೇಕೆನ್ ಮಾಮನ ತಾಜಿಗಳಲ್ಲೆಲ್ಲ ಅವಳಷ್ಟು ವೇಗ ಯಾವುದಕ್ಕೂ ಇರಲಿಲ್ಲ. ಮಾಮ ಬಟ್ಟಲು ಕೆಳಗಿಟ್ಟ. ಎದ್ದು ಹೋದ. ಹಗ್ಗ ತಂದು ನನ್ನ ಕೈಗಿಟ್ಟ.

ಹಾಗೆ ಕೊಟ್ಟದ್ದು ವಾಪಸ್ ಹೋಗುವುದಿಲ್ಲ. ಹೋದರೆ ಕೊಟ್ಟವನಿಗೇ ಅವಮಾನ.

ಅಕ್ಟೋಬರ್ ೫, ಶನಿವಾರ

"ಇವು ಕಿವಿಯ ಜಾತಿ ಅಲ್ಲ, ಕಣ್ಣಿನ ಜಾತಿ" ಎಂದರು ಲಾರಿಸಾ. "ದೂರ ನೋಡಿದ್ರೆ ಮುಗೀತು, ಹೋಯ್ತು. ಮೊದ್ಲು ನಿನ್ನ ಮುಖ ನೋಡೋದು ಕಲಿಸು."

ಮಾಂಸದ ಚೂರನ್ನು ಕೆನ್ನೆಯ ಹತ್ತಿರ ಹಿಡಿಯಬೇಕು. ನೋಡಿದರೆ ಕೊಡಬೇಕು. ಮತ್ತೆ ನೋಡಿದರೆ ಮತ್ತೆ.

ನೋಡಿದಳು! ಜೇನಿನ ಬಣ್ಣದ ಕಣ್ಣು. ಅದರೊಳಗೆ ಮೈದಾನ, ಬೇಲಿ, ಬೇಲಿಯಾಚೆಯ ಹಿಮದ ಬೆಟ್ಟ, ನಡುವೆ ಪುಟ್ಟ ನಾನು. ನನ್ನನ್ನು ಇಷ್ಟು ಹೊತ್ತು ಯಾರೂ ನೋಡಿಲ್ಲ. ನಾನೇ ಮೊದಲು ಕಣ್ಣು ತಗ್ಗಿಸಿದೆ.

ಅಕ್ಟೋಬರ್ ೧೯

ಈಗ ಸದಾ ನನ್ನ ಮುಖ. ಲಿಫ್ಟಿನಲ್ಲಿ, ಅಡುಗೆಮನೆಯಲ್ಲಿ, ಟ್ರಾಲಿಬಸ್ಸು ಹಾಯುವಾಗ. ಪಾರಿವಾಳ ಕಾಲಬುಡದಲ್ಲಿ ಎದ್ದರೂ ಅತ್ತ ತಿರುಗುವುದಿಲ್ಲ. ಬೆಕ್ಕಿನ ಮನೆಯಾಕೆ ನಿಂತು ಹೊಗಳಿದಳು — "ನನ್ನ ಸೊಸೆಗೂ ಸೇರಿಸಿ ಹೇಳ್ಕೊಡಮ್ಮ."

ಎಲೆ ಉದುರುವ ಬೀದಿಗಳಲ್ಲಿ ಇಬ್ಬರೂ ತೇಲುತ್ತ ನಡೆಯುತ್ತೇವೆ. ಯಾವ ಬೀದಿ ಎಂದು ನೆನಪಿರುವುದಿಲ್ಲ. ಸುಖ...

ಅಕ್ಟೋಬರ್ ೨೬, ಶನಿವಾರ, ರಾತ್ರಿ

ಕೆಗೆನ್‌ನಿಂದ ಮಾಮ ಬಂದಿದ್ದಾನೆ, ಕುದುರೆ ಮಾಂಸ ಹೊತ್ತು.

"ಏನೇ ಬೋತಾ, ನನ್ನ ನಾಯಿಗೂ ಡಿಗ್ರಿ ಮಾಡಿಸ್ತಿದ್ದೀಯಂತೆ?"

"ನಿನ್ನ ನಾಯಿ ಅಲ್ಲ, ಮಾಮ."

"ತಪ್ಪಾಯ್ತು ತಾಯಿ. ನಿನ್ನ ನಾಯಿ."

ಕ್ಲಾಸಿಗೂ ಬಂದ. ಬೇಲಿಗೆ ಒರಗಿ ನಿಂತ. ಹಗ್ಗ ಬಿಚ್ಚಿ ದೂರ ಬಿಟ್ಟು ಕರೆಯುವ ಪಾಠ. ಆಗಲೇ ಒಣಹುಲ್ಲಿನಿಂದ ಮೊಲವೊಂದು ಎದ್ದಿತು. ನಿಜವಾದ ಮೊಲ. ಲಾರ್ಡ್ ಕೋಟು ಸಮೇತ ಹಾರಿದ, ಹಿಂದೆಯೇ ದಮೀರ್, "ಲಾರ್ಡ್, ಮಗನೇ, ಬೂಟು ಹೊಸದು ಕಣೋ!"

ಉಶ್ಕಿರ್ ಕಿವಿ ನಿಮಿರಿತು. ಮೈಯೆಲ್ಲ ಒಮ್ಮೆ ನಡುಗಿತು. ಆಮೇಲೆ ತಿರುಗಿ ನನ್ನ ಮುಖ ನೋಡಿದಳು. ನೋಡುತ್ತಲೇ ಇದ್ದಳು. ಮೊಲ ಹೋಯಿತು.

ಎಲ್ಲರೂ ಚಪ್ಪಾಳೆ. "ಪಾಸಾದ ಹಾಗೇ!" ಎಂದರು ಲಾರಿಸಾ. ನಾನು ಮಾಮನ ಕಡೆ ನೋಡಿದೆ. ಅವನು ಮೊಲ ಹೋದ ಹುಲ್ಲನ್ನು ನೋಡುತ್ತಿದ್ದ.

"ಚೆನ್ನಾಗಿ ಮಾತು ಕೇಳ್ತಾಳೆ ಕಣೇ" ಎಂದ.

ಅಕ್ಟೋಬರ್ ೩೦, ಬುಧವಾರ

ಬಂದ ಹೊಸತರಲ್ಲಿ ಉಶ್ಕಿರ್ ನಿದ್ದೆಯಲ್ಲೇ ಓಡುತ್ತಿದ್ದಳು. ಹಾಸಿಗೆಯ ಪಕ್ಕದ ನೆಲದಲ್ಲಿ ಉಗುರಿನ ಗೀರುಗಳಿವೆ. ಇವತ್ತು ಮಧ್ಯಾಹ್ನವೆಲ್ಲ ಪಕ್ಕದಲ್ಲಿ ಕೂತು ಕಾದೆ. ಕಾಲು ಅಲುಗಲಿಲ್ಲ. ಯಾವಾಗಿನಿಂದ ಹೀಗೆ? ಎಲ್ಲವನ್ನೂ ಗಮನಿಸುವವಳು ನಾನು...

ಭಾನುವಾರ ಪರೀಕ್ಷೆ. ಹೋಗುವುದಿಲ್ಲ. ಅದೇ ಬೆಳಿಗ್ಗೆ ಕೆಗೆನ್‌ಗೆ ಬಸ್ಸಿದೆ. ಅಮ್ಮನಿಗೆ ಹೇಳಿಲ್ಲ. ವಾಪಸ್ ಕೊಟ್ಟರೆ ಮಾಮ ಹಗ್ಗ ಮುಟ್ಟಲಿಕ್ಕಿಲ್ಲ, ಬೈಯಬಹುದು. ಬೈಯಲಿ. ಅವನ ಮನೆಯ ಹಿಂದಿನ ಬಯಲಿಗೆ ನಾನೇ ಕರೆದುಕೊಂಡು ಹೋಗಿ ಬಿಚ್ಚುತ್ತೇನೆ.

ಓಡುವುದಿಲ್ಲ ಅವಳು, ಗೊತ್ತು. ನಿಂತು ನನ್ನ ಮುಖ ನೋಡುತ್ತಾಳೆ. ಆಗ ನಾನು ಗುಡ್ಡದ ಕಡೆ ನೋಡಬೇಕು. ಅವಳ ಕಡೆ ತಿರುಗದೆ, ಎಷ್ಟು ಹೊತ್ತಾದರೂ, ಅವಳೂ ಅತ್ತ ನೋಡುವವರೆಗೆ —