ನೋರಾವಾಂಕಿನ ಮೆಟ್ಟಿಲು

ಮಗಾ ಮಹಾಂತೇಶ,

ಆಕ್ಲೆಂಡಿನಲ್ಲಿ ನೀವೆಲ್ಲ ಆರಾಮ ಇದ್ದೀರಿ ಎಂದು ನಂಬಿದ್ದೇನೆ. ಇಂದು ಆರ್ಮೇನಿಯಾದ ನೋರಾವಾಂಕ್ ಎಂಬ ಮಠಕ್ಕೆ ಹೋಗಿದ್ದೆವು. ಕೆಂಪು ಬಂಡೆಗಳ ಕಣಿವೆಯಲ್ಲಿ ಎರಡಂತಸ್ತಿನ ಕಲ್ಲಿನ ಚರ್ಚು. ಮೇಲಂತಸ್ತಿಗೆ ಗೋಡೆಯಿಂದಲೇ ಹೊರಚಾಚಿದ ಇಕ್ಕಟ್ಟಾದ ಮೆಟ್ಟಿಲುಗಳಿವೆ, ಹಿಡಿದುಕೊಳ್ಳಲು ಏನೂ ಇಲ್ಲ.

ನಮ್ಮ ಪ್ರವಾಸದ ಗುಂಪಿನಲ್ಲಿರುವ, ನಮ್ಮ ಆಕ್ಲೆಂಡಿನದೇ ಒನೆಹುಂಗಾ ಬಡಾವಣೆಯ ಡಾಕ್ಟರ್ ಚಿದಾನಂದ ಅಡ್ಡ ನಿಂತರು. "ಬ್ಯಾಡ್ರಿ ಆಂಟಿ, ಮೊಣಕಾಲು ಆಪರೇಷನ್ ಆಗೇದ. ಇಲ್ಲೇ ಕೂತ್ಕೋರಿ."

"ಮೊಣಕಾಲು ನಂದೈತ್ರಿ ಡಾಕ್ಟರ. ಬಾಜೂಕ ಸರೀರಿ," ಎಂದೆ.

ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಅಂಗೈ ಊರಿಕೊಂಡು ಹತ್ತಿದೆ. ನಡುವೆ ಎಲ್ಲಿಯೂ ನಿಲ್ಲಲಿಲ್ಲ. ಮೇಲೆ ಮೇಣದಬತ್ತಿ ಹಚ್ಚಿ ನಿಮ್ಮಪ್ಪನನ್ನು ನೆನೆದೆ. ಇಳಿಯುವಾಗ ಒಂದೊಂದೇ ಮೆಟ್ಟಿಲ ಮೇಲೆ ಕೂತು ಇಳಿದೆ. ಎಲ್ಲರೂ ನೋಡಿದರು, ನೋಡಲಿ.

ಆಮೇಲೆ ಹತ್ತಿರದ ಅರೇನಿ ಎಂಬ ಊರಿನ ಗುಹೆಯಲ್ಲಿ ಆರು ಸಾವಿರ ವರ್ಷದ ಹಿಂದೆ ವೈನ್ ಮಾಡಲು ದ್ರಾಕ್ಷಿ ತುಳಿಯುತ್ತಿದ್ದ ತೊಟ್ಟಿ ತೋರಿಸಿದರು. ಅಲ್ಲಿಯ ವೈನರಿಯಲ್ಲಿ ನಾನೂ ಒಂದು ಗ್ಲಾಸ್ ವೈನ್ ಕುಡಿದೆ. ನಿನ್ನ ಹೆಂಡತಿಗೂ ಹೇಳು, ಮುಚ್ಚಿಡುವಂಥದ್ದೇನಿಲ್ಲ.

ಮೊಣಕಾಲು ಸ್ವಲ್ಪ ಬಾತಿದೆ. ವೈನರಿಯವರು ಕೊಟ್ಟ ಐಸ್ ಇಟ್ಟುಕೊಂಡು ಫೋನಿನಲ್ಲೇ ಇದನ್ನು ಬರೆಯುತ್ತಿದ್ದೇನೆ. ಅವ್ವನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ ಎಂದು ನನ್ನ ಮೌಂಟ್ ಆಲ್ಬರ್ಟ್ ಮನೆಯನ್ನು ಮಾರಲು ಏಜೆಂಟನನ್ನು ಗೊತ್ತು ಮಾಡಿದ್ದೀಯಲ್ಲ, ಅವನಿಗೆ ಬರಬೇಡವೆಂದು ಇವತ್ತೇ ಫೋನ್ ಮಾಡು. ಏರ್‌ಪೋರ್ಟಿನಿಂದ ನಾನು ನೇರ ಆ ಮನೆಗೇ ಹೋಗುತ್ತೇನೆ. ಬಸ್ಸಿನವನು ಕರೆಯುತ್ತಿದ್ದಾನೆ.

ಅವ್ವ