ಗೋಡೆಯ ಮೇಲಿನ ಕೈಯಳತೆ

ನೇಕಾರರ ಬೀದಿ, ಸೂಲೂರು
10-12-2006, ಭಾನುವಾರ

ನನ್ನ ಮುದ್ದು ಮುರುಗೇಶನಿಗೆ ಅಜ್ಜಿಯ ಆಶೀರ್ವಾದ. ಇದನ್ನು ನಿನಗೆ ಓದಿ ಹೇಳುತ್ತಿರುವ ಹಾವೇರಿಯ ಹಾಲಪ್ಪನಿಗೂ ಅಷ್ಟೇ ಆಶೀರ್ವಾದ. ತಮಿಳು ಶಾಲೆಯಲ್ಲಿ ಓದಿದ ನಿನಗೆ ಕನ್ನಡ ಅಕ್ಷರ ಬಾರದು, ಶಾಲೆಯನ್ನೇ ನೋಡದ ನನಗೆ ದೇವಸ್ಥಾನದ ಅಯ್ಯನವರು ಕಲಿಸಿದ ಕನ್ನಡ ಬಿಟ್ಟು ಬೇರೆ ಬಾರದು. ಹಾಲಪ್ಪ ನಿನ್ನ ಪಕ್ಕದ ಮಂಚಕ್ಕೆ ಬಂದದ್ದು ನಮ್ಮಿಬ್ಬರ ಅದೃಷ್ಟ.

ಮೈಗೆ ಹೇಗಿದೆಯಪ್ಪಾ? ಸ್ನಾನಕ್ಕೆ ಬಿಸಿನೀರು ಕೊಡುತ್ತಾರೋ, ಹಿಮವನ್ನೇ ಕಾಯಿಸಿಕೊಳ್ಳಬೇಕೋ? ಹಿಮಕ್ಕೆ ವಾಸನೆ ಇದೆಯಾ? ಹೋದ ಸಲವೂ ಕೇಳಿದ್ದೆ, ನೀನು ಉತ್ತರ ಬರೆಯಲಿಲ್ಲ. ಬಂದ ಕಾಗದವನ್ನೂ ನೀನು ಬರೆದಿರಲಿಲ್ಲ. ಅದರ ಹಿಂದಿನದೂ ಹಾಗೆಯೇ. ಓದಿ ಹೇಳುವಾಗ ನಿನ್ನ ತಂಗಿ ಧರಣಿ, “ಇದು ಅಣ್ಣನ ಕೈಯ ಎಳುತ್ತು ಅಲ್ಲ ಅಜ್ಜಿ” ಅಂದಳು. ಅವಳು ಹೇಳಬೇಕಾಗಿರಲಿಲ್ಲ. ತಮಿಳು ಓದಲು ಬಾರದಿದ್ದರೂ ನಿನ್ನ ಅಕ್ಷರಗಳ ಚಹರೆ ನನಗೆ ಗೊತ್ತು, ಮಳೆಗೆ ಓಡುವ ಕೋಳಿಮರಿಗಳ ಹಾಗೆ ಒಂದೇ ಕಡೆ ವಾಲಿರುತ್ತವೆ. ಇವು ನೆಟ್ಟಗೆ, ಪಂಕ್ತಿಯಲ್ಲಿ ಊಟಕ್ಕೆ ಕೂತ ಹಾಗೆ ಇದ್ದವು. ಯಾರ ಕೈಲಿ ಬರೆಸಿದೆ? ಯಾಕೆ ಬರೆಸಿದೆ? “ಡ್ಯೂಟಿ ಇರ್ತದೆ, ಜೊತೆಗಿರೋ ಕೂಟ್ಟಾಳಿ ಯಾರೋ ಬರೆದಿರ್ತಾನೆ, ನೀ ಸುಮ್ಮನಿರು” ಎಂದು ನಿಮ್ಮಪ್ಪ ಮಗ್ಗದ ಗುಂಡಿಯಿಂದಲೇ ನನ್ನನ್ನು ಗದರಿದ. ಸುಮ್ಮನಿರುವುದು ನನಗೆ ಬರುತ್ತದೆಯೇ?

ಈಗ ಸಮಾಚಾರ ಕೇಳು. ಧರಣಿ ಕೆಲಸ ಮಾಡುವ ತಿರುಪ್ಪೂರಿನ ಕಂಪನಿಯವರು ಧ್ವಜ ದಿನಕ್ಕೆ ಸೈನಿಕರ ಮನೆಯವರನ್ನು ಕರೆದಿದ್ದರು. ಶಾಲು ಹೊದಿಸಿ, ಫೋಟೋ ತೆಗೆದು ಕಳಿಸುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲವಂತೆ, ನಿಮ್ಮ ಹುಡುಗರಿಗೆ ಕೈಗವಸು ಹೆಣೆದು ಕೊಡುತ್ತೇವೆ, ಅವರ ಕೈಯಳತೆ ತನ್ನಿ ಎಂದು ಹೇಳಿಕಳಿಸಿದರು. ಕೈ ಇರುವುದು ಹಿಮದಲ್ಲಿ, ಅಳತೆ ಎಲ್ಲಿಂದ ತರಲಿ? ಆಮೇಲೆ ನೆನಪಾಯಿತು. ನೀನು ಪಟ್ಟಾಳ ಸೇರಲು ಹೊರಡುವ ಮುಂಚಿನ ಆಯುಧಪೂಜೆಗೆ ಮಗ್ಗದ ಹಿಂದಿನ ಗೋಡೆಗೆ ಅರಿಶಿನದ ಕೈ ಒತ್ತಿದ್ದೆಯಲ್ಲ, ಅದಕ್ಕೆ ಸುಣ್ಣ ಬಳಿಯಲು ನಾನು ಬಿಟ್ಟಿಲ್ಲ. ಒಂದೊಂದು ಬೆರಳಿಗೂ ನೂಲು ಹಿಡಿದು ಅಳೆದೆ, ಗಂಟು ಹಾಕಿ ಗುರುತು ಮಾಡಿಕೊಂಡು ಹೋದೆ. ಅರಿಶಿನ ಸ್ವಲ್ಪ ಹರಡಿತ್ತು ಅಂತ ಕಾಣುತ್ತದೆ. ಅಲ್ಲಿಗೆ ಬಂದಿದ್ದ ಕಮಲಾತಾಳ್, ಅವಳ ಅಳಿಯ ಅಸ್ಸಾಮಿನಲ್ಲಿದ್ದಾನೆ, ನನ್ನ ನೂಲು ನೋಡಿ “ಇದು ಕೈಯಾ ಮೊರವಾ, ನಿನ್ನ ಪೇರ ರಾಗಿ ಕೇರ್ತಾನಾ ಅಲ್ಲಿ?” ಎಂದು ಮೊಮ್ಮಗನಾದ ನಿನ್ನನ್ನೇ ಆಡಿಕೊಂಡಳು. ಬೆರಳಿನ ಹತ್ತಿರ ತುಸು ಸಡಿಲ ಇರಬಹುದು, ಬೈಯಬೇಡ.

ಆ ಯಂತ್ರವನ್ನು ನೀನು ನೋಡಬೇಕಿತ್ತು. ಲಾಳಿ ಇಲ್ಲ, ಹಾಸು ಇಲ್ಲ, ಕೂತು ತುಳಿಯುವವರಿಲ್ಲ. ಮೊದಲು ಕಿರುಬೆರಳು ಹೆಣೆಯುತ್ತದೆ, ಆಮೇಲೆ ಉಳಿದವು ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ, ಹೆಬ್ಬೆರಳು ಕೊನೆಗೆ. ದೊಡ್ಡಣ್ಣನಿಗೆ ಯಾಕೆ ಕೊನೆಯ ಸರದಿ ಎಂದು ಕೇಳಿದೆ, ಯಾರಿಗೂ ಗೊತ್ತಿಲ್ಲ. ಇನ್ನೊಂದು ಸಲ ತೋರಿಸಿ ಎಂದೆ, ತೋರಿಸಿದರು. ಜಾಸ್ಮಿನ್ ಎಂಬ ಹುಡುಗಿ ನನ್ನ ಕೈ ಹಿಡಿದು ಸುತ್ತಿಸಿದಳು. ಮಂಡ್ಯದವಳು, ಅಲ್ಲಿ ಆಫೀಸು ಕೆಲಸ. “ಅಜ್ಜಿ, ನೀವು ಕನ್ನಡ ಮಾತಾಡಿದ್ರೆ ತಮಿಳು ಹಾಡು ಕೇಳಿದ ಹಾಗಿದೆ” ಎಂದಳು. “ನಿಂದು ರೇಡಿಯೋ ಮಾದಿರಿ ಇದೆ ಕಣ್ಣು” ಎಂದೆ. ಬಹಳ ನಕ್ಕಳು.

ಕಂಪನಿಯ ಮುದಲಾಳಿಯನ್ನೂ ಬಿಡಲಿಲ್ಲ. ನಾವು ನಿಮಗೇನು ಮಾಡಿದ್ದೇವೆ, ಯಾಕೆ ಇದೆಲ್ಲ ಎಂದು ಕೇಳಿಯೇಬಿಟ್ಟೆ. ಪಾಪ, ವೇದಿಕೆಯ ಮೇಲೆ ಚೆನ್ನಾಗಿ ಮಾತಾಡಿದವರು ನನ್ನ ಮುಂದೆ ತಡವರಿಸಿದರು. ಇಪ್ಪತ್ತು ವರ್ಷದಿಂದ ಚಳಿದೇಶಗಳಿಗೆ ಬಟ್ಟೆ ಕಳಿಸುತ್ತಿದ್ದೇವೆ ಪಾಟಿ, ಅದನ್ನು ಹಾಕಿಕೊಳ್ಳುವ ಒಬ್ಬರ ಮುಖವನ್ನೂ ನೋಡಿಲ್ಲ, ಈ ಸಲವಾದರೂ ಯಾರ ಕೈಗೆ ಎಂದು ತಿಳಿದು ಹೆಣೆಯೋಣ ಅನ್ನಿಸಿತು ಎಂದರು. ಆ ಮಾತು ನನಗೆ ಹಿಡಿಸಿತು.

ಎರಡು ಜೊತೆ ಕಳಿಸಿದ್ದೇನೆ. ದೊಡ್ಡದು ಹಾಲಪ್ಪನಿಗೆ. ಪಟ್ಟಿಯಲ್ಲಿ ಅವನ ಹೆಸರಿಲ್ಲ ಎಂದರು, ಅವನಿಲ್ಲದಿದ್ದರೆ ನನ್ನ ಕಾಗದಕ್ಕೆ ಬಾಯಿಯೇ ಇಲ್ಲ ಎಂದೆ, ಕೊಟ್ಟರು. ಹುರಿಗಡಲೆ ಚಟ್ನಿಪುಡಿಯೂ ಇದೆ, ಹಂಚಿಕೊಂಡು ತಿನ್ನಿ. ಸೌಡೇಶ್ವರಿ ತಾಯಿ ಇಬ್ಬರನ್ನೂ ಬೆಚ್ಚಗಿಟ್ಟಿರಲಿ.

ಇಂತಿ ನಿನ್ನ ದಾರಿ ನೋಡುವ,
ಬೆಳ್ಳಿಯಮ್ಮ

ಮತ್ತೆ: ಹಾಲಪ್ಪಾ, ಇಲ್ಲಿಂದ ಮುಂದೆ ಮನಸ್ಸಿನಲ್ಲೇ ಓದಿಕೋ. ಇನ್ನೇನು ಬರೆದಿದ್ದಾಳೆ ಎಂದು ಅವನು ಕೇಳಿದರೆ, ಚಟ್ನಿಪುಡಿಗೆ ಎಣ್ಣೆ ಜಾಸ್ತಿ ಹಾಕಬೇಡಿ ಅಂತ ಬರೆದಿದ್ದಾಳೆ ಎನ್ನು. ಗೋಡೆಯ ಮೇಲಿರುವುದು ಅವನು ಬರೆಯುವ ಬಲಗೈ. ಅದರಲ್ಲಿ ಐದೂ ಬೆರಳಿವೆ, ನಾನು ಐದಕ್ಕೂ ಹೆಣೆಸಿದ್ದೇನೆ. ಧರಣಿ ನೀರು ಕುಡಿಯಲು ಹೋದಾಗ ಜಾಸ್ಮಿನ್‌ಳನ್ನು ಮೆಲ್ಲಗೆ ಕೇಳಿದೆ. ಬೇಡದ ಬೆರಳು ಬಿಟ್ಟು ಹೆಣೆಯಲೂ ಆ ಯಂತ್ರಕ್ಕೆ ಬರುತ್ತದಂತೆ, ಬೇಕಾದರೆ ಮಾಡಿಸಿ ಕೊಡುತ್ತಾಳಂತೆ. ಯಾವುದು ಬೇಡ ಎಂದು ನೀನು ಬರೆದು ತಿಳಿಸಬೇಕು. ಕನ್ನಡದಲ್ಲೇ ಬರೆ ಮಗಾ, ಈ ಮನೆಯಲ್ಲಿ ಅದನ್ನು ಓದುವವಳು ನಾನೊಬ್ಬಳೇ.